ಎರಡನೆಯ ಹಾಳೆ

ಫೈಲು ಇತ್ತು. ಬೇಕಾದ ಹಾಳೆ ಇರಲಿಲ್ಲ.

ಕೊಪ್ಪಳದ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಡಾಕ್ಟರ್ ತಾಹೇರ ನನ್ನೆದುರಿಗೆ ಹಾಳೆಗಳನ್ನು ಇನ್ನೊಮ್ಮೆ ಮಗುಚಿದರು. ಇಪ್ಪತ್ತೆರಡು ಹಾಳೆ. ಔಷಧಿ ಚೀಟಿ, ರಸೀದಿ, ಎಕ್ಸರೇ ವಿವರ. ಎಲ್ಲವೂ ಇಂಗ್ಲಿಷ್. ಮೂಲೆಗೆ ಒಂದೇ ಪಿನ್ನು. ಪಿನ್ನಿನ ಕೆಳಗೆ ಉಗುರಿನಷ್ಟು ಕಾಗದದ ಚೂರು ಸಿಕ್ಕಿಕೊಂಡಿತ್ತು.

“ಇಲ್ಲಿಂದ ಹರಕೊಂಡಾರ ನೋಡ್ರಿ,” ಎಂದರು.

ಚೂರನ್ನು ಬೆಳಕಿಗೆ ಹಿಡಿದೆ. ಉಳಿದ ಹಾಳೆಗಳ ಅಂಚು ಒಲೆಯ ಹೊಗೆಗೆ ಹಳದಿಯಾಗಿತ್ತು. ಇದರ ಹರಿದ ಅಂಚು ಬೆಳ್ಳಗಿತ್ತು. ಹರಿದು ಬಹಳ ದಿನವಾಗಿಲ್ಲ. ಉಗುರಿನಿಂದ ಕೆದಕಿದೆ. ಚೂರು ಒಂದಲ್ಲ, ಒಂದರ ಮೇಲೊಂದು ಎರಡು. ಅದನ್ನು ಡೈರಿಯಲ್ಲಿ ಬರೆದುಕೊಂಡೆ, ಮತ್ತೆ ಮರೆತುಬಿಟ್ಟೆ.

ನಾನು ನಾಹೀದಾ, ಎ.ಎಸ್.ಐ. ಹಾಳೆ ಕಳೆದದ್ದು ತಳಕಲ್ಲಿನಲ್ಲಿ, ಆ ಊರು ನಮ್ಮ ಠಾಣೆಯ ಹದ್ದಿಗೆ ಬರುತ್ತದೆ. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಎಮ್ಮೆ ಕದ್ದವರನ್ನು ಹಿಡಿದಿದ್ದೇನೆ, ಪಂಪ್‌ಸೆಟ್ ಕದ್ದವರನ್ನು ಹಿಡಿದಿದ್ದೇನೆ. ಕಾಗದ ಕದ್ದವರನ್ನು ಹುಡುಕಲು ಹೊರಟದ್ದು ಇದೇ ಮೊದಲು. ಅರ್ಜಿ ನೋಡಿದ ಸಾಹೇಬರು ನಕ್ಕು, ಇದು ನಿಮಗೇ ಸರಿ ಮೇಡಂ ಎಂದು ನನ್ನ ಕಡೆ ತಳ್ಳಿದ್ದರು. ಮಂಚದ ಮೇಲಿನ ಕೂಸನ್ನು ನೋಡಿದ ಮೇಲೆ ನನಗೆ ನಗು ಬರಲಿಲ್ಲ.

ಐದು ತಿಂಗಳ ಗಂಡು. ಎಡ ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ, ಅದು ಒಡೆದು ಸೋರುತ್ತಿತ್ತು. ಹೊಟ್ಟೆ ಉಬ್ಬಿತ್ತು. ಅಳಲೂ ಅದಕ್ಕೆ ಶಕ್ತಿಯಿರಲಿಲ್ಲ. ತಾಯಿ ಗೀತಾ ಅದರ ಪಾದ ಹಿಡಿದು ಕೂತಿದ್ದಳು.

ಡಾಕ್ಟರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಹುಟ್ಟಿದ ಕೂಡಲೇ ಕೂಸಿನ ಎಡತೋಳಿಗೆ ಬಿಸಿಜಿ ಚುಚ್ಚುತ್ತಾರೆ, ಕ್ಷಯ ಬರದಿರಲೆಂದು. ಅದರಲ್ಲಿರುವುದು ಕ್ಷಯದ ಜಾತಿಯದೇ ಕ್ರಿಮಿ, ಆದರೆ ಬಲ ಕುಂದಿಸಿದ್ದು. ಕೋಟಿಗಟ್ಟಲೆ ಕೂಸುಗಳು ಅದನ್ನು ಗೆದ್ದು, ತೋಳಿನ ಮೇಲೊಂದು ಕಲೆ ಉಳಿಸಿಕೊಂಡು ಬೆಳೆಯುತ್ತವೆ. ನನ್ನ ತೋಳಿನಲ್ಲೂ ಹುಣಸೆಬೀಜದಷ್ಟು ಕಲೆಯಿದೆ. ಎಲ್ಲೋ ಒಂದು ಕೂಸಿಗೆ ಮಾತ್ರ ಹುಟ್ಟಿನಿಂದಲೇ ಈ ಜಾತಿಯ ಕ್ರಿಮಿಗಳನ್ನು ಎದುರಿಸುವ ಶಕ್ತಿ ಇರುವುದಿಲ್ಲ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬಂದು ಕೂಡುವ ದೋಷ. ಅಂಥ ಕೂಸಿಗೆ ಕಾಯುವ ಚುಚ್ಚುಮದ್ದೇ ರೋಗವಾಗುತ್ತದೆ.

ಗೀತಾಳ ಮೊದಲ ಮಗಳು ಮೂರು ವರ್ಷದ ಹಿಂದೆ ಹೀಗೇ ಆರು ತಿಂಗಳಿಗೆ ತೀರಿಕೊಂಡಿದ್ದಳು. ಆಗ ತೋರಿಸಿದ್ದ ಖಾಸಗಿ ಆಸ್ಪತ್ರೆಯವರು ಆ ಕೂಸಿನ ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದ್ದರು. ವರದಿ ಅಂಚೆಯಲ್ಲಿ ಬರುವಷ್ಟರಲ್ಲಿ ಕೂಸು ಮಣ್ಣಾಗಿತ್ತು. ಆ ಆಸ್ಪತ್ರೆ ಈಗ ಮುಚ್ಚಿದೆ. ಲ್ಯಾಬಿನ ಹೆಸರು ಇದ್ದದ್ದು ಕಳೆದ ಆ ಹಾಳೆಯ ಮೇಲೆಯೇ.

“ಇದರಾಗ ಎರಡು ನಮೂನಿ ಅದಾವ,” ಎಂದರು ತಾಹೇರ. “ಒಂದರಾಗ ಮೈಯನ್ನ ಕೂಗಿ ಎಬ್ಬಿಸೋರು ಇಲ್ಲ. ಇನ್ನೊಂದರಾಗ ಕೂಗಿದ್ರೂ ಕೇಳೋ ಕಿವಿ ಇಲ್ಲ. ಮೊದಲನೇದಾದ್ರ ಆ ಕೂಗನ್ನ ನಾವು ಇಂಜೆಕ್ಷನ್ನಾಗ ಕೊಡಬಹುದು. ಕೂಸು ಉಳೀಬಹುದು. ಎರಡನೇದಾದ್ರ ಆ ಇಂಜೆಕ್ಷನ್ ದಂಡ, ಬೆಂಗಳೂರಿಗೆ ಅಸ್ಥಿಮಜ್ಜೆ ಹಾಕ್ಸಾಕ ಕಳಿಸಬೇಕು. ಯಾವ ದಾರಿ ಅಂತ ಆ ಹಾಳಿ ಹೇಳತಿತ್ತು.”

“ಹೊಸದಾಗಿ ಪರೀಕ್ಷೆ ಮಾಡಿದ್ರ?”

“ಐದಾರು ವಾರ ಬೇಕ್ರಿ. ಕೂಸಿನ ಕಡೆ ಅಷ್ಟು ಟೈಮಿಲ್ಲ. ಒಂದು ವಾರದಾಗ ಹುಡುಕಿ ಕೊಡ್ರಿ.”

* * *

ಅರ್ಜಿ ಕೊಟ್ಟವನು ಕೂಸಿನ ತಂದೆ ಮರಿಸ್ವಾಮಿ. ಹತ್ತಿ ಮಿಲ್ಲಿನಲ್ಲಿ ಹಮಾಲಿ. ಗೀತಾಳಿಗೆ ಗಂಡನೂ ಹೌದು, ಸೋದರಮಾವನೂ ಹೌದು. ಅವರಲ್ಲಿ ಅಕ್ಕನ ಮಗಳನ್ನು ತರುತ್ತಾರೆ, ನಮ್ಮಲ್ಲಿ ಚಿಕ್ಕಪ್ಪನ ಮಗಳನ್ನು. ಹೊರಗಿನವರನ್ನು ಮನೆತುಂಬಿಸಿಕೊಳ್ಳಲು ಇಬ್ಬರಿಗೂ ಅಷ್ಟೇ ಅಂಜಿಕೆ.

ಅರ್ಜಿ ಬರೆದವನು ಗೀತಾಳ ಅಣ್ಣ ಆದೆಪ್ಪ. ಹತ್ತಿರದ ಒಂದು ಪಂಚಾಯಿತಿಯಲ್ಲಿ ಕಂಪ್ಯೂಟರ್ ಆಪರೇಟರ್. ಪಿಂಚಣಿ ಕಾಗದ ಬರಲಿ, ಕೋರ್ಟಿನ ನೋಟೀಸು ಬರಲಿ, ಆ ಓಣಿಯವರು ಆದೆಪ್ಪನ ಮುಂದೆ ಹಿಡಿಯುತ್ತಾರೆ. ಅವನು ಓದುತ್ತಾನೆ, ಕನ್ನಡದಲ್ಲಿ ತಿಳಿಸಿ ಹೇಳುತ್ತಾನೆ, ಯಾರಿಂದಲೂ ಒಂದು ಚಹಾ ಕುಡಿಯುವುದಿಲ್ಲ. ನಮ್ಮ ಠಾಣೆಗೂ ಎಷ್ಟೋ ಸಲ ಬರೆದುಕೊಟ್ಟಿದ್ದಾನೆ. ನನಗೆ ಅವನನ್ನು ಕಂಡರೆ ಇಷ್ಟ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನಾಚಿಕೆಯಾಗುತ್ತದೆ.

ಅಣ್ಣನ ಮನೆ, ತಂಗಿಯ ಮನೆ ಅಕ್ಕಪಕ್ಕ. ನಡುವೆ ಒಂದೇ ಗೋಡೆ. ಗೀತಾ ಆಸ್ಪತ್ರೆಯಲ್ಲಿದ್ದುದರಿಂದ ತಾಯಿ ಸುಂಕಲಮ್ಮ ಎರಡೂ ಮನೆ ನೋಡುತ್ತಿದ್ದಳು. ಫೈಲು ಇದ್ದದ್ದು ಗೀತಾಳ ನಡುಮನೆಯ ಗೂಟಕ್ಕೆ ತೂಗುಹಾಕಿದ ಅರಿವೆ ಚೀಲದಲ್ಲಿ. ಬೀಗವಿಲ್ಲ, ಮುದ್ರೆಯಿಲ್ಲ. ಗೀತಾಳಿಗೆ ಸಹಿ ಬಿಟ್ಟರೆ ಅಕ್ಷರ ಬಾರದು. ಮತ್ತೆ ಅಷ್ಟು ಕಾಗದ ಯಾಕೆ ಕಾಯ್ದಿಟ್ಟಿದ್ದೆ ಎಂದು ಆಸ್ಪತ್ರೆಯಲ್ಲೇ ಕೇಳಿದ್ದೆ.

“ಆ ಕೂಸಿಂದು ಅಂತ ಉಳಿದದ್ದು ಅದೊಂದರಿ ಅಕ್ಕಾರ.”

“ವರದಿಯಾಗ ಏನಿತ್ತು, ಗೊತ್ತೇನು?”

“ಅಣ್ಣ ಓದಿ ಹೇಳಿದ್ದ. ರಕ್ತದಾಗ ಜ್ವರ ಕೂತಿತ್ತು, ನಿನ್ನ ತಪ್ಪಲ್ಲ, ಮುಂದಿನ ಕೂಸಿಗೆ ಏನೂ ಆಗೂದಿಲ್ಲ ಅಂತ ಬರದಾರ ಅಂದ. ಅವತ್ತ ಹೊಟ್ಟಿತುಂಬ ಉಂಡೆ. ಕೂಸು ಹೋದ ಮ್ಯಾಲ ಅದ ಮೊದಲ್ನೇ ಸಲ.”

ಮಂಗಳವಾರ ತಳಕಲ್ಲಿನಲ್ಲಿ ಆದೆಪ್ಪನನ್ನೂ ಕೇಳಿದೆ. ಅವನು ಕಣ್ಣು ಒರೆಸಿಕೊಂಡ. ಡಾಕ್ಟರ ಭಾಷೆ, ತನಗೆ ತಿಳಿದಷ್ಟು ಹೇಳಿದ್ದೆ ಎಂದ. “ಒಂದ ಹಾಳಿ ಇತ್ತರಿ ಮೇಡಂ, ಬರೇ ನಂಬರು.” ಶುಕ್ರವಾರ ಡಾಕ್ಟರು ಹಳೆಯ ಫೈಲು ತರಲು ಹೇಳಿದ್ದರು. ಸೋಮವಾರ ಮರಿಸ್ವಾಮಿ ಒಯ್ದು ಕೊಟ್ಟ. ತಾನು ಶನಿವಾರ ಬೆಳಗಿನಿಂದ ಕುಷ್ಟಗಿಯಲ್ಲಿ ಹೆಂಡತಿಯ ತವರಿನಲ್ಲಿದ್ದೆ ಎಂದ ಆದೆಪ್ಪ.

ಆ ನಡುವೆ ಮನೆಗೆ ಯಾರು ಯಾರು ಬಂದಿದ್ದರು ಎಂದು ಸುಂಕಲಮ್ಮನನ್ನು ಕೇಳಿದೆ. ಅವಳು ಬೆರಳು ಮಡಿಚಿದಳು. ಓಣಿಯ ಮೂವರು ಹೆಂಗಸರು, ಬಳೆಗಾರ, ಮತ್ತೆ ನರ್ಸ್ ಸುರೇಖಾ. ಸುರೇಖಾ ಶನಿವಾರ ಬಂದಿದ್ದಳು. ಸುಂಕಲಮ್ಮ ಚಹಾ ಕಾಸಲು ಒಳಗೆ ಹೋದಾಗ ನಡುಮನೆಯಲ್ಲಿ ಹತ್ತು ನಿಮಿಷ ಒಬ್ಬಳೇ ಕೂತಿದ್ದಳು.

ನನಗೆ ಇಷ್ಟೇ ಸಾಕಾಯಿತು. ಇಪ್ಪತ್ತಕ್ಕೂ ಹೆಚ್ಚು ಇಂಗ್ಲಿಷ್ ಹಾಳೆಗಳ ನಡುವಿನಿಂದ ಸರಿಯಾದ ಹಾಳೆಯನ್ನೇ ಹರಿದೊಯ್ದವರಿಗೆ ಓದಲು ಬರಬೇಕು. ಓಣಿಯ ಹೆಂಗಸರಿಗೂ ಬಳೆಗಾರನಿಗೂ ಬಾರದು. ಕೂಸಿಗೆ ಬಿಸಿಜಿ ಚುಚ್ಚಿದವಳು ಸುರೇಖಾ. ಕೊಡಬೇಡಿ ಎಂದು ವರದಿಯಲ್ಲಿ ಬರೆದಿದ್ದರೆ ಅವಳ ನೌಕರಿಗೆ ಕುತ್ತು. ಊರು ಆಗಲೇ ತೀರ್ಪು ಕೊಟ್ಟಾಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅವಳ ಸ್ಕೂಟಿಯ ಗಾಲಿ ಕುಯ್ದಿದ್ದರು. ಆ ವಾರ ಓಣಿಯ ಒಂದು ಕೂಸಿಗೂ ಯಾರೂ ಚುಚ್ಚುಮದ್ದು ಹಾಕಿಸಲಿಲ್ಲ.

* * *

ಸುರೇಖಾ ಯಲಬುರ್ಗಾದಲ್ಲಿ ಬಾಡಿಗೆ ಮನೆಯಲ್ಲಿದ್ದಳು. ನಾನು ಗದರಿಸಿಯೇ ಮಾತು ಶುರು ಮಾಡಿದೆ. ಅವಳು ಅಳಲಿಲ್ಲ, ಹೆದರಲೂ ಇಲ್ಲ.

“ನಾ ಕದೀಲಿಕ್ಕೆ ಹೋಗಿಲ್ರಿ. ಕೇಳಾಕ ಹೋಗಿದ್ದೆ. ನನ್ನ ಕೈಲೆ ಆ ಕೂಸಿಗೆ ಏನಾತು ಅಂತ ಓದಬೇಕಿತ್ತು. ಗೀತಾ ಬರೂತನಕ ಚೀಲಾ ಇಳಸೂದಿಲ್ಲ ಅಂದ್ಲು ಸುಂಕಲಮ್ಮ. ಎದ್ದು ಬಂದೆ.”

ಅವಳು ಹೆರಿಗೆಯ ರಿಜಿಸ್ಟರಿನ ಫೋಟೊ ತೆಗೆದು ತೋರಿಸಿದಳು. ಹಿಂದಿನ ಕೂಸಿನ ಸಾವಿಗೆ ಕಾರಣ ಎಂಬಲ್ಲಿ ‘ಜ್ವರ’ ಎಂದು ಬರೆದಿತ್ತು. ಯಾರು ಹೇಳಿದ್ದು ಎಂದು ಕೇಳಿದೆ.

“ಗೀತಾ ಹೆರಿಗಿ ಬ್ಯಾನ್ಯಾಗಿದ್ಲು. ಅಣ್ಣ ಹೇಳಿದ. ಆ ಕೂಸಿಗೆ ಚುಚ್ಚುಮದ್ದಿನಿಂದ ಏನರ ತೊಂದರಿ ಆಗಿತ್ತೇನ್ರಿ ಅಂತ ಬಾಯಿಬಿಟ್ಟು ಕೇಳಿದೆ. ಇಲ್ಲ ಅಂದ. ಅಂದು ಹೊರಗ ಹೋದ.”

ತಿಳಿಯದವನು ಇಲ್ಲ ಅಂದರೆ ತಪ್ಪೇ? ದಾರಿಯುದ್ದಕ್ಕೂ ನಾನೇ ಅವನ ಪರ ವಕೀಲಿಕೆ ಮಾಡಿದೆ. ಆದರೆ ಓದಲು ಬಲ್ಲವರು ಇಬ್ಬರೇ. ಒಬ್ಬಳನ್ನು ಗದರಿಸಿ ಬಂದಿದ್ದೆ. ಇನ್ನೊಬ್ಬನಿಗೆ ಸಮಾಧಾನ ಹೇಳಿ ಬಂದಿದ್ದೆ.

ಮತ್ತೆ ತಳಕಲ್ಲಿಗೆ ಹೋಗಿ ಸುಂಕಲಮ್ಮನ ಮುಂದೆ ಕೂತೆ. ಶನಿವಾರ ಆದೆಪ್ಪ ಈ ಮನೆಗೆ ಬಂದಿದ್ದನೇ ಎಂದು ಕೇಳಿದೆ.

“ಬಂದಿದ್ದನಲ್ರಿ. ನರ್ಸಬಾಯಿ ಹೋದ ಮ್ಯಾಲ ಬಂದ. ಚೀಲಾ ಇಳಿಸಿ ಏನೋ ನೋಡಿದ. ಆಮ್ಯಾಲ ಬಸ್ಸಿಗೆ ಹೋದ.”

“ಅವತ್ತ ಕೇಳಿದಾಗ ಯಾಕ ಹೇಳಲಿಲ್ಲ?”

ಅವಳು ನನ್ನನ್ನು ದಡ್ಡಿಯಂತೆ ನೋಡಿದಳು. “ಯಾರು ಬಂದಿದ್ರು ಅಂತ ಕೇಳಿದ್ರಿ. ಮಗ ಬಂದ್ರ ಅದು ಬಂದಂಗೇನ್ರಿ?”

* * *

ಗುರುವಾರ ಕುಷ್ಟಗಿಗೆ ಹೋದೆ. ಯೂನಿಫಾರ್ಮು ಹಾಕಲಿಲ್ಲ. ಗೀತಾಳ ಕೂಸು ಹಾಸಿಗೆ ಹಿಡಿದ ಮೇಲೆ ಆದೆಪ್ಪ ತನ್ನ ಹೆಂಡತಿ ಹುಲಿಗೆಮ್ಮನನ್ನೂ ಮಗಳನ್ನೂ ತವರಿಗೆ ಕಳಿಸಿದ್ದ. ಗಂಡ ಯಾವಾಗ ಬಂದಿದ್ದ ಎಂದು ಮಾತಿಗೆ ಮಾತು ಸೇರಿಸಿ ಕೇಳಿದೆ. ಭಾನುವಾರ ಸಂಜೆ ಬಂದರು, ಹುಲಿಗಿಯ ಗುಡಿಗೆ ಹೋಗಿ ಕೈಮುಗಿದು ಬಂದೆ ಅಂದರು, ಅರಿಶಿನದ ಭಂಡಾರ ತಂದಿದ್ದರು ಎಂದಳು ಆಕೆ. ಶನಿವಾರವೆಂಬ ಸುಳ್ಳು ಅಲ್ಲಿಗೆ ಬಿಚ್ಚಿಕೊಂಡಿತು.

ಹಿತ್ತಲಲ್ಲಿ ಅಜ್ಜಿ ಮಗುವಿಗೆ ಎರೆಯುತ್ತಿದ್ದಳು. ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ದುಂಡನೆಯ ಮಗು, ಬಿಸಿನೀರು ಬಿದ್ದಾಗೆಲ್ಲ ಕೈ ಬಡಿಯುತ್ತಿತ್ತು. ನಾನು ನಗುತ್ತ ನೋಡುತ್ತಿದ್ದೆ. ನಗು ಅಲ್ಲೇ ನಿಂತಿತು.

ಎಡತೋಳು ನುಣ್ಣಗಿತ್ತು. ಕಲೆಯಿಲ್ಲ. ಬಲತೋಳನ್ನೂ ನೋಡಿದೆ. ಇಲ್ಲ. ಕೆಲವು ಮಕ್ಕಳಿಗೆ ಕಲೆ ಏಳುವುದಿಲ್ಲ, ನನಗೆ ಗೊತ್ತು. ಆದರೂ ಕೇಳಿದೆ.

“ಅದನ್ನ ಹಾಕ್ಸಿಲ್ರಿ,” ಎಂದಳು ಹುಲಿಗೆಮ್ಮ, ಏನೂ ಅರಿಯದೆ. “ನಮ್ಮ ಮನೆತನಕ್ಕ ಅದು ಆಗಿ ಬರೂದಿಲ್ಲಂತ. ಅವರೇ ದವಾಖಾನಿಗೆ ಕಾಗದಾ ಕೊಟ್ಟು ಬ್ಯಾಡ ಅಂದಾರ. ಉಳಿದದ್ದೆಲ್ಲ ಹಾಕ್ಸೇವಿ.”

“ಮಗೂಗ ಎಷ್ಟು ತಿಂಗಳು?”

“ಎಂಟು ತುಂಬಿದ್ವು.”

ಅಲ್ಲಿಂದ ಹೆರಿಗೆಯಾದ ಆಸ್ಪತ್ರೆಗೆ ನಡೆದೇ ಹೋದೆ. ಅಲ್ಲಿಯ ನರ್ಸಮ್ಮ ಕಟ್ಟುನಿಟ್ಟಿನವಳು. ಚುಚ್ಚುಮದ್ದು ಬೇಡ ಎಂದು ಯಾರೇ ಹೇಳಲಿ, ಪುರಾವೆಯ ಜೆರಾಕ್ಸ್ ಇಸಿದುಕೊಂಡು ರಿಜಿಸ್ಟರಿಗೆ ಪಿನ್ನು ಹೊಡೆಯುವುದು ಅವಳ ಪದ್ಧತಿ. ಹಾಳೆ ತಿರುವಿದಳು. ಸಿಕ್ಕಿತು.

ಒಂದಲ್ಲ, ಎರಡು ಹಾಳೆ. ಮೊದಲನೆಯದರಲ್ಲಿ ನಂಬರುಗಳು. ಎರಡನೆಯದರ ಕೊನೆಗೆ ಸಾದಾ ಇಂಗ್ಲಿಷಿನಲ್ಲಿ ಮೂರು ಸಾಲು. ಕೆಳಗೆ ಆದೆಪ್ಪನ ಸಹಿ, ಎಂಟು ತಿಂಗಳ ಹಿಂದಿನ ತಾರೀಖು.

ಫೋಟೊ ಹೊಡೆದು ತಾಹೇರ ಅವರಿಗೆ ಕಳಿಸಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಕಾದೆ. ನಾಲ್ಕು ನಿಮಿಷಕ್ಕೆ ಫೋನು ಬಂತು.

“ಮೊದಲನೇ ನಮೂನಿ ಐತ್ರಿ. ಇಂಜೆಕ್ಷನ್ ಕೆಲಸ ಮಾಡ್ತದ. ಇವತ್ತ ತರಸ್ತೀನಿ.”

ಅಳು ಬಂತು. ಸಂತೋಷಕ್ಕೆ ಅರ್ಧ, ಸಿಟ್ಟಿಗೆ ಅರ್ಧ.

* * *

ಶುಕ್ರವಾರ ಬೆಳಿಗ್ಗೆ ವಾರ್ಡಿಗೆ ಹೋದೆ. ಆದೆಪ್ಪ ತಂಗಿಗೆ ಬುತ್ತಿ ತಂದಿದ್ದ. ರೊಟ್ಟಿ, ಕಾಳುಪಲ್ಯ. ಮರಿಸ್ವಾಮಿ ಗೋಡೆಗೆ ಒರಗಿ ನಿಂತಿದ್ದ. ಡಾಕ್ಟರೂ ಬಂದರು. ಆದೆಪ್ಪನನ್ನು ಹೊರಗೆ ಕರೆದು ಕೇಳಬಹುದಿತ್ತು. ಬೇಕೆಂದೇ ಕರೆಯಲಿಲ್ಲ. ಅದು ಗೀತಾಳ ಲೆಕ್ಕ, ಅವಳೆದುರೇ ತೀರಬೇಕು.

“ಬಿಸಿಜಿಯಿಂದ ಹಿಂಗಾಗೇತಿ ಅಂತ ಡಾಕ್ಟರು ಈ ಮನಿಯವರಿಗೆ ಹೇಳಿದ್ದು ಮೂರು ವಾರದ ಹಿಂದ,” ಎಂದೆ. “ಆದೆಪ್ಪ, ನಿನಗ ಎಂಟು ತಿಂಗಳ ಹಿಂದ ಹ್ಯಾಂಗ ಗೊತ್ತಾತು?”

ಅವನು ನಗಲು ನೋಡಿದ. ನಾನು ಜೆರಾಕ್ಸನ್ನು ಮಂಚದ ಮೇಲಿಟ್ಟೆ.

ಒಂದೊಂದಾಗಿ ಹೇಳಿದೆ. ಒಂದೇ ಹಾಳೆ ಎಂದು ನೀನು ಅಂದಿದ್ದೆ, ಪಿನ್ನಿನ ಕೆಳಗೆ ಉಳಿದ ಚೂರು ಎರಡು. ಶನಿವಾರ ಊರಲ್ಲಿರಲಿಲ್ಲ ಅಂದಿದ್ದೆ, ನಿನ್ನ ತಾಯಿಯೇ ನೋಡಿದ್ದಾಳೆ. ಅಷ್ಟು ಇಂಗ್ಲಿಷ್ ಹಾಳೆಗಳ ನಡುವೆ ಇದನ್ನೇ ಆರಿಸಲು ಮೊದಲೇ ಓದಿರಬೇಕು. ಸುರೇಖಾ ಆ ಫೈಲನ್ನು ಬಿಚ್ಚಿಯೇ ನೋಡಿರಲಿಲ್ಲ. ಇದಿಷ್ಟಕ್ಕೂ ನೀನು ನೆವ ಹೇಳಬಹುದು. ನಿನ್ನ ಮಗಳ ತೋಳಿಗೆ ಏನು ನೆವ ಹೇಳುತ್ತೀ? ಈ ಕೂಸಿಗೆ ಚುಚ್ಚುವುದಕ್ಕಿಂತ ಮೂರು ತಿಂಗಳ ಮೊದಲು ಇದೇ ಕಾಗದ ತೋರಿಸಿ ನಿನ್ನ ಮಗಳನ್ನು ಕಾಯ್ದುಕೊಂಡೆ. ಆಮೇಲೆ ತಂಗಿಯ ಹೆರಿಗೆಗೆ ಬಂದು, ತೊಂದರೆ ಇರಲಿಲ್ಲ ಅಂದೆ.

ಆದೆಪ್ಪ ಬಾಯಿಬಿಟ್ಟ.

“ಕಾಗದಾ ಬಂದ ದಿನಾನ ಕುಷ್ಟಗಿಯವರು ನನ್ನ ಮದಿವಿ ನಿಶ್ಚಯಕ್ಕಂತ ಬಂದು ಕೂತಿದ್ರು. ಒಡಹುಟ್ಟಿದವರ ರಕ್ತದಾಗೂ ಇರಬಹುದು ಅಂತ ಬರದಿತ್ತು. ಕಟ್ಟಿಮ್ಯಾಲ ಎಲ್ಲಾರ ಮುಂದ ಗೀತಾ ಓದು ಅಂದ್ಲು. ಓದಿದ್ರ ಅವರು ಎದ್ದು ಹೋಗ್ತಿದ್ರು. ಆಮ್ಯಾಲ ಹೇಳಿದ್ರಾತು ಅಂದ್ನಿ. ಆಮ್ಯಾಲ ಹೇಳಿದ್ರ, ಅವತ್ತ ಯಾಕ ಹೇಳಲಿಲ್ಲ ಅಂತ ಕೇಳ್ತಿದ್ರು. ಹೆರಿಗಿ ದಿನ ಹೊರಗ ನಿಂತಿದ್ನಿ. ಎರಡು ಸಲ ಹೊಸ್ತಿಲತನಕ ಬಂದ್ನಿ.”

ಹಾಳೆಗಳನ್ನು ಹುಲಿಗಿಯಲ್ಲಿ ಹೊಳೆಗೆ ಬಿಟ್ಟಿದ್ದ. ಇಂಜೆಕ್ಷನ್ನಿಗೆ ಅದೇ ಹಾಳೆ ಬೇಕೆಂದು ಮಂಗಳವಾರ ನನ್ನ ಬಾಯಿಂದಲೇ ಕೇಳಿದ್ದ. ಮೂರು ದಿನ ಸುಮ್ಮನಿದ್ದ. ಬುತ್ತಿ ಮಾತ್ರ ತಪ್ಪದೆ ತಂದಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇಲಿಯಿದೆ ಎಂದು ನಾನೂ ನಿಶ್ಚಿಂತೆಯಿಂದಿದ್ದೆ.

“ನಿಮ್ಮ ಹೆಂಡತಿ ಹೊರಗಿನವರು,” ಎಂದರು ತಾಹೇರ ಮೆಲ್ಲಗೆ. “ನಿಮ್ಮ ಮಗಳಿಗೆ ಅಪಾಯ ಇದ್ದದ್ದು ಇಲ್ಲ ಅನ್ನೂವಷ್ಟು ಕಡಿಮಿ. ಇದ್ದದ್ದು ಈ ಕೂಸಿಗೆ.”

ಗೀತಾ ಬೈಯಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತಿದ್ದಳು.

“ಅಣ್ಣ, ನೀ ಅವತ್ತ ಬಿಟ್ಟದ್ದು ಎಷ್ಟು ಸಾಲು?”

“ಮೂರು.”

ಅವಳು ತಲೆಯಾಡಿಸಿದಳು. ಮರಿಸ್ವಾಮಿ ಗೋಡೆ ಬಿಟ್ಟು ಬಂದ. ಹೊಡೆಯುತ್ತಾನೆಂದು ನಾನು ನಡುವೆ ಹೋದೆ. ಅವನು ಬುತ್ತಿ ಎತ್ತಿಕೊಂಡು ಹೋಗಿ ಬಾಗಿಲ ಹೊರಗಿಟ್ಟು ಬಂದ, ಅಷ್ಟೇ.

* * *

ಯಾವ ಸೆಕ್ಷನ್ ಹಾಕುವುದೆಂದು ಸಾಹೇಬರು ಅರ್ಧ ದಿನ ತಲೆ ಕೆರೆದುಕೊಂಡರು. ಪುರಾವೆ ನಾಶ ಎಂದು ಬರೆದೆವು. ತಂಗಿಗೆ ಮೂರು ಸಾಲು ಬಿಟ್ಟು ಓದಿದ್ದಕ್ಕೆ ಯಾವ ಪುಸ್ತಕದಲ್ಲೂ ಸೆಕ್ಷನ್ ಇಲ್ಲ. ಸುರೇಖಾಳ ಮನೆಗೆ ಹೋಗಿ ತಪ್ಪಾಯಿತು ಎಂದೆ. ಚಹಾ ಕುಡಿದು ಹೋಗ್ರಿ ಎಂದಳು. ಅವಳ ಸ್ಕೂಟಿಗೆ ಹೊಸ ಗಾಲಿ ಬಂದಿತ್ತು. ತಳಕಲ್ಲಿನ ಆ ಓಣಿಗೆ ಅವಳು ಮತ್ತೆ ಹೋಗುತ್ತಿದ್ದಾಳೆ.

ಇಂಜೆಕ್ಷನ್ ಶುರುವಾಗಿ ಮೂರನೆಯ ವಾರಕ್ಕೆ ಕೂಸಿನ ಜ್ವರ ಇಳಿಯಿತು. ಇನ್ನೂ ಬಹಳ ದೂರವಿದೆ ಎಂದರು ತಾಹೇರ. ಅವತ್ತು ನಾನೂ ಸುರೇಖಾಳೂ ಜೊತೆಗೇ ನೋಡಲು ಹೋದೆವು. ಕೂಸು ಅಳುತ್ತಿತ್ತು. ಇಡೀ ವಾರ್ಡಿಗೆ ಕೇಳುವಷ್ಟು ಜೋರಾಗಿ.

ಗೀತಾ ದಿಂಬಿನ ಕೆಳಗಿಂದ ಆ ಜೆರಾಕ್ಸ್ ತೆಗೆದು ನನ್ನ ಕೈಗಿಟ್ಟಳು.

“ಅಕ್ಕಾರ, ಇದನ್ನ ಓದ್ರಿ. ಬಿಡದಂಗ.”

ನಮ್ಮ ಮನೆಯಲ್ಲೂ ಓದು ಬಲ್ಲವಳು ನಾನೊಬ್ಬಳೇ. ಅಮ್ಮನ ಶುಗರ್ ಎಷ್ಟಿದೆ ಎಂದು ಅವಳಿಗೆ ನಾನು ಯಾವತ್ತೂ ನಿಜ ಹೇಳಿಲ್ಲ. ನಂಬರುಗಳಿಂದ ಹಿಡಿದು ಒಂದೊಂದೇ ಸಾಲು ಓದಿ, ಕನ್ನಡದಲ್ಲಿ ಹೇಳಿದೆ. ಕೊನೆಗೆ ಆ ಮೂರು ಸಾಲು ಬಂದವು. ಈ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದದ್ದು. ಅವರ ಒಡಹುಟ್ಟಿದವರಲ್ಲೂ ಇರಬಹುದು. ಮುಂದಿನ ಮಗು ಹುಟ್ಟಿದಾಗ ರಕ್ತಪರೀಕ್ಷೆ ಆಗುವ ತನಕ ಬಿಸಿಜಿ ಕೊಡಬೇಡಿ.

ಗೀತಾ ಕಣ್ಣು ಮಿಟುಕಿಸದೆ ಕೇಳಿದಳು. ಮುಗಿದ ಮೇಲೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಪಕ್ಕದಲ್ಲಿ ನಿಂತಿದ್ದ ಸುರೇಖಾಳ ಕಡೆ ಚಾಚಿದಳು.

“ಈಗ ನೀವು ಓದ್ರಿ.”